ಕಚೇರಿಯಿಂದ ಕಚೇರಿಗೆ

ಹಳೆಯ ಹಾರ್ಮೋನಿಯಂ ಕೊಳ್ಳಹೊರಟ ಹಿರಿಯರು ಪೆಟ್ಟಿಗೆಯ ಹೊಳಪಿಗೆ ಮರುಳಾಗುತ್ತಿರಲಿಲ್ಲ. ತಿದಿಯನ್ನು ತುಂಬ ಒತ್ತಿ, ಒಂದು ಮನೆಯನ್ನೂ ಮುಟ್ಟದೆ, ಒಳಗಿನ ಗಾಳಿ ಎಷ್ಟು ಹೊತ್ತು ನಿಲ್ಲುವುದೆಂದು ಕಿವಿಗೊಟ್ಟು ಕುಳಿತಿರುತ್ತಿದ್ದರು. ಗಾಳಿ ಸೋರಿದರೆ ಬೆಲೆ ಇಳಿಯುತ್ತಿತ್ತು. ಇಲ್ಲವೆ ವ್ಯಾಪಾರವೇ ಮುರಿಯುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಹೀಗೆ ಒತ್ತಿ ನೋಡುವ ತಿದಿ ಯಾವುದು ಎಂಬುದೇ ಇಂದು ಅನೇಕ ಮನೆಗಳ ಪ್ರಶ್ನೆಯಾಗಿದೆ.

ನಮ್ಮ ವಾಚಕಿಯೊಬ್ಬರು ಇದನ್ನೇ ಬರೆದು ಕೇಳಿದ್ದಾರೆ. ಅವರ ಮಗಳು ಕೀಬೋರ್ಡ್ ನುಡಿಸುತ್ತಾಳೆ. ವಾದ್ಯವೃಂದವೊಂದರಲ್ಲಿ ಅವಳಿಗೆ ಅವಕಾಶ ದೊರೆತಿದೆ. ಮನೆಯಲ್ಲಿ ಹಾಡು ಜೋಡಿಸುವುದಕ್ಕೂ ವೇದಿಕೆಯ ಮೇಲೆ ನುಡಿಸುವುದಕ್ಕೂ ಲ್ಯಾಪ್‌ಟಾಪ್ ಬೇಕಂತೆ. ಮಕ್ಕಳಿಗೆ ಪಾಠ ಹೇಳಿ ಎರಡು ವರ್ಷ ಕೂಡಿಟ್ಟ ಹಣವಿದೆ, ಆದರೆ ಹೊಸದಕ್ಕೆ ಅದು ಸಾಲದು. ಹಳೆಯದನ್ನು ಕೊಂಡು ಹುಡುಗಿಯ ಹಣವೂ ಹೋಗಬಾರದು, ತುಂಬಿದ ಸಭೆಯಲ್ಲಿ ಮಾನವೂ ಹೋಗಬಾರದು ಎಂಬುದು ಆ ತಾಯಿಯ ಚಿಂತೆ. ಚಿಂತೆ ನ್ಯಾಯವಾದುದೇ. ಅಂಗಡಿಯವನು ಹೇಳುವ ಅಂಕಿಗಳಲ್ಲಿ ಈ ಎರಡನೆಯ ಮಾತಿಗೆ ಉತ್ತರವಿರುವುದಿಲ್ಲ.

ಮೊದಲು ಯಂತ್ರದ ಒಳಗೆ ನಡೆಯುವುದೇನೆಂದು ನೋಡೋಣ. ಸಿ.ಡಿ. ತಟ್ಟೆಯ ಮಟ್ಟದ ನಾದವೆಂದರೆ ಒಂದು ಸೆಕೆಂಡಿಗೆ 44,100 ಅಂಕಿಗಳು. ಲ್ಯಾಪ್‌ಟಾಪು ಇವುಗಳನ್ನು ಲೆಕ್ಕಹಾಕಿ, ಸಣ್ಣ ಸಣ್ಣ ಕಂತುಗಳಾಗಿ ಕಟ್ಟಿ, ಧ್ವನಿವರ್ಧಕದ ಕಡೆಗೆ ಕಳುಹಿಸುತ್ತಿರಬೇಕು. ಈ ಕಂತಿಗೆ ಬಫರ್ ಎಂದು ಹೆಸರು. ಪತ್ರಿಕೆಯ ಧಾರಾವಾಹಿಯ ಹೋಲಿಕೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಲೇಖಕ ಮಹಾಶಯರು ಹತ್ತು ವಾರದ ಕಂತನ್ನು ಒಟ್ಟಿಗೆ ಕೊಟ್ಟುಬಿಟ್ಟರೆ ಸಂಪಾದಕರಿಗೆ ನೆಮ್ಮದಿ. ಆದರೆ ವಾಚಕರ ಪತ್ರ ನೋಡಿ ಕಥೆಯನ್ನು ತಿರುಗಿಸಬೇಕೆಂದರೆ ಹತ್ತು ವಾರ ಕಾಯಬೇಕು. ವಾರವಾರ ಬರೆದುಕೊಟ್ಟರೆ ಕಥೆ ಬೇಕಾದಂತೆ ತಿರುಗೀತು. ಆದರೆ ಲೇಖಕರು ಒಂದು ದಿನ ತಡಮಾಡಿದರೂ ಪುಟ ಬರಿದು. ಲ್ಯಾಪ್‌ಟಾಪಿನಲ್ಲಿಯೂ ಹಾಗೆಯೇ. 1,024 ಅಂಕಿಗಳ ಕಂತಾದರೆ ಒಂದೊಂದಕ್ಕೆ ಸುಮಾರು 23 ಮಿಲಿಸೆಕೆಂಡ್ ಅವಕಾಶ. ಯಂತ್ರಕ್ಕೆ ಆರಾಮ, ಆದರೆ ಮನೆಯನ್ನು ಒತ್ತಿದ ಬೆರಳಿಗೂ ಕೇಳುವ ಸ್ವರಕ್ಕೂ ನಡುವೆ ಅಂತರ ಬಿದ್ದು ತಾಳ ಕೆಡುತ್ತದೆ. 128 ಅಂಕಿಗಳ ಕಂತಾದರೆ 2.9 ಮಿಲಿಸೆಕೆಂಡ್, ಬೆರಳಿಗೆ ಸುಖ, ಯಂತ್ರಕ್ಕೆ ಉಸಿರಾಡಲು ಬಿಡುವಿಲ್ಲ. ಸೆಕೆಂಡಿಗೆ 344 ಕಂತುಗಳು. ಅವುಗಳಲ್ಲಿ ಒಂದೇ ಒಂದು ತಡವಾದರೂ ‘ಪಟ್’ ಎಂಬ ಸದ್ದು ಸಭೆಗೆಲ್ಲ ಕೇಳಿಸುತ್ತದೆ.

ಹಾಡು ಜೋಡಿಸುವವನಿಗೆ ಈ ಅವಸರವಿಲ್ಲ. 1957ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಮ್ಯಾಕ್ಸ್ ಮ್ಯಾಥ್ಯೂಸ್ ಕಂಪ್ಯೂಟರಿನಿಂದ ಸಂಗೀತ ಹೊರಡಿಸಿದಾಗ, ನ್ಯೂಯಾರ್ಕ್ ನಗರದ ಐ.ಬಿ.ಎಂ. 704 ಯಂತ್ರದಲ್ಲಿ ಲೆಕ್ಕ ಮಾಡಿಸಿ, ಆ ಟೇಪನ್ನು ಪ್ರಯೋಗಾಲಯಕ್ಕೆ ಒಯ್ದು ಅಲ್ಲಿ ನಾದವಾಗಿ ಮಾರ್ಪಡಿಸಬೇಕಾಗಿತ್ತು. ದೊರೆತದ್ದು 17 ಸೆಕೆಂಡುಗಳ ಸಂಗೀತ. ತಡವಾಯಿತೆಂದು ಯಾರೂ ದೂರಲಿಲ್ಲ, ಏಕೆಂದರೆ ಎದುರಿಗೆ ಸಭೆಯಿರಲಿಲ್ಲ. ಇಂದಿಗೂ ಮನೆಯಲ್ಲಿ ಯಂತ್ರ ಬಳಲಿದರೆ ಕಂತನ್ನು ದೊಡ್ಡದು ಮಾಡಿಕೊಳ್ಳಬಹುದು, ಸಿದ್ಧವಾದ ವಾದ್ಯವನ್ನು ಧ್ವನಿಯಾಗಿ ಮುದ್ರಿಸಿಟ್ಟು ಹೊರೆ ಇಳಿಸಬಹುದು, ಕಾಫಿ ಕುಡಿದು ಬಂದು ಮುಂದುವರಿಸಬಹುದು. ವೇದಿಕೆಯ ಮೇಲೆ ಇದಾವುದೂ ಇಲ್ಲ. ಆದುದರಿಂದ ಎರಡು ಕೆಲಸಕ್ಕೂ ಒಂದೇ ಯಂತ್ರವನ್ನು ಕೊಳ್ಳುವವರು ವೇದಿಕೆಯ ಅಗತ್ಯವನ್ನು ಮುಂದಿಟ್ಟುಕೊಂಡೇ ಆರಿಸಬೇಕು. ಅತಿ ವೇಗದ ಯಂತ್ರಕ್ಕಿಂತ, ಒಮ್ಮೆಯೂ ತಡಮಾಡದ ಯಂತ್ರ ಮೇಲು. ಇವೆರಡೂ ಒಂದೇ ಎಂದು ತಿಳಿದು ಕೆಟ್ಟವರು ಬಹಳ ಮಂದಿ.

ಈಗ ಸಂತೆಗೆ ಇಳಿಯೋಣ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆಗಳಲ್ಲಿ ಮಾರಾಟಕ್ಕಿರುವ ಹಳೆಯ ಲ್ಯಾಪ್‌ಟಾಪುಗಳಲ್ಲಿ ಹಲವು ದೊಡ್ಡ ಕಂಪನಿಗಳ ಕಚೇರಿಯಲ್ಲಿ ಕೆಲವು ವರ್ಷ ದುಡಿದು ನಿವೃತ್ತವಾದುವು. ಆ ಕಚೇರಿ ಬಿಟ್ಟು ಈ ಕಚೇರಿಗೆ ಬರಲು ಇವು ತಕ್ಕಮಟ್ಟಿಗೆ ಯೋಗ್ಯವೇ. ಕಚೇರಿಯ ಕೆಲಸಕ್ಕೆಂದು ಮಾಡಿದ ಮಾದರಿಗಳು ನೋಡಲು ಕಪ್ಪಗೆ ಒರಟಾಗಿದ್ದರೂ ಕೀಲು ಗಟ್ಟಿ, ಬಿಡಿಭಾಗ ದೊರೆಯುತ್ತದೆ, ಬಿಚ್ಚಿ ರಿಪೇರಿ ಮಾಡಬಲ್ಲವರು ಬೀದಿಗೊಬ್ಬರಿದ್ದಾರೆ. 2018ರಲ್ಲಿ ಬಂದ ಲೆನೊವೊ ಥಿಂಕ್‌ಪ್ಯಾಡ್ ಟಿ480 ಇದಕ್ಕೆ ಒಳ್ಳೆಯ ಉದಾಹರಣೆ. ಮೆಮೊರಿ ಹಾಕಲು ಅದರಲ್ಲಿ ಎರಡು ಜಾಗಗಳಿವೆ. ಬ್ಯಾಟರಿಯೂ ಎರಡು: ಒಳಗಿನದು ನಡೆಸುತ್ತಿರುವಾಗಲೇ ಹಿಂದಿನದನ್ನು ಕಳಚಿ ಬೇರೊಂದನ್ನು ಹಾಕಬಹುದು. ವೇದಿಕೆಯ ಮೇಲೆ ಇದು ಸಣ್ಣ ಅನುಕೂಲವೇನಲ್ಲ.

ಪ್ರೊಸೆಸರಿನ ಹೆಸರಿನಲ್ಲಿ ಮೋಸಹೋಗುವುದು ಸುಲಭ. ಐ7 ಎಂದ ಕೂಡಲೆ ಐ5ಕ್ಕಿಂತ ಮೇಲೆಂದು ಅಂಗಡಿಯಾತ ಬೆಲೆ ಏರಿಸುತ್ತಾನೆ. ಇಂಟೆಲ್ ಸಂಸ್ಥೆಯ ಐ7-7500ಯು ಎಂಬುದರಲ್ಲಿ ಎರಡೇ ಕೋರ್‌ಗಳು. ಮರುತಲೆಮಾರಿನ ಐ5-8250ಯು ಎಂಬುದರಲ್ಲಿ ನಾಲ್ಕು. ನೋಡಬೇಕಾದುದು ಗೆರೆಯ ಮುಂದಿನ ಅಂಕಿ. ಅದು ತಲೆಮಾರನ್ನು ಹೇಳುತ್ತದೆ. ಎಂಟಕ್ಕಿಂತ ಕೆಳಗಿನದನ್ನು ಈಗ ಕೊಳ್ಳದಿರುವುದೇ ಮೇಲು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹೆಚ್ಚುಕಡಮೆ ಎಂಟನೆಯ ತಲೆಮಾರಿನಿಂದ ಈಚಿನವನ್ನು ಮಾತ್ರ ಒಪ್ಪುತ್ತದೆ.

ಮೆಮೊರಿ 16 ಜಿ.ಬಿ. ಇರಲಿ. ಪಿಟೀಲು, ಪಿಯಾನೋ ಮುಂತಾದ ವಾದ್ಯಗಳ ನಿಜವಾದ ಸ್ವರಗಳನ್ನು ಮುದ್ರಿಸಿಟ್ಟ ಭಂಡಾರಗಳು ಮೆಮೊರಿಯನ್ನು ನುಂಗುತ್ತವೆ. ತಿರುಗುವ ಹಾರ್ಡ್ ಡಿಸ್ಕ್ ಬೇಡವೇ ಬೇಡ, ಎಸ್.ಎಸ್.ಡಿ. ಇರಲೇಬೇಕು. ಭಾರಿ ಧ್ವನಿವರ್ಧಕದ ಪಕ್ಕದಲ್ಲಿ ಅದುರುವ ಹಲಗೆಯ ಮೇಲೆ ತಿರುಗುವ ತಟ್ಟೆಯನ್ನಿಡುವುದು ವಿವೇಕವಲ್ಲ.

ಆಪಲ್ ಯಂತ್ರಗಳ ಮಾತು ಬೇರೆ. ಧ್ವನಿಯ ಏರ್ಪಾಡು ಅವುಗಳ ವ್ಯವಸ್ಥೆಯಲ್ಲಿಯೇ ಸೇರಿಕೊಂಡಿರುವುದರಿಂದ ಸಂಗೀತಗಾರರಿಗೆ ಅವುಗಳಲ್ಲಿ ನಂಬಿಕೆ ಹೆಚ್ಚು. ವೇದಿಕೆಗೆಂದೇ ಮಾಡಿದ ಮೇನ್‌ಸ್ಟೇಜ್ ಎಂಬ ತಂತ್ರಾಂಶ ದೊರೆಯುವುದೂ ಅಲ್ಲಿ ಮಾತ್ರ. ಹಳೆಯದರಲ್ಲಿ ಆರಿಸುವುದಾದರೆ 2020ರ ನವೆಂಬರಿನಿಂದ ಈಚಿನ, ಎಂ1 ಅಥವಾ ಅದರ ಮುಂದಿನ ಚಿಪ್ ಇರುವುದನ್ನೇ ಆರಿಸಬೇಕು. ಇಂಟೆಲ್ ಚಿಪ್ಪಿನ ಮ್ಯಾಕ್‌ಗಳಿಗೆ 2025ರ ‘ಟಾಹೋ’ ಆವೃತ್ತಿಯೇ ಕೊನೆಯದೆಂದು ಆಪಲ್ ಸಾರಿಬಿಟ್ಟಿದೆ. ಎಂ1 ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲ. ಮನೆಯಲ್ಲಿ ಅದರ ಪಕ್ಕದಲ್ಲಿಯೇ ಕುಳಿತು ಹಾಡು ಮುದ್ರಿಸುವವರಿಗೆ ಇದು ವರ. ಬಿಸಿಲಿನ ಶಾಮಿಯಾನದ ಕೆಳಗೆ, ಕಣ್ಣು ಕುಕ್ಕುವ ದೀಪಗಳ ನಡುವೆ ಗಂಟೆಗಟ್ಟಲೆ ನುಡಿಸುವವರಿಗೆ ಅಷ್ಟಲ್ಲ. ಕಾವು ಏರಿದಾಗ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದೇ ಚಿಪ್ಪಿನ 13 ಅಂಗುಲದ ಮ್ಯಾಕ್‌ಬುಕ್ ಪ್ರೋನಲ್ಲಿ ಫ್ಯಾನ್ ಉಂಟು. ಇವುಗಳ ಮೆಮೊರಿಯನ್ನಾಗಲಿ ಒಳಗಿನ ಸಂಗ್ರಹವನ್ನಾಗಲಿ ಮುಂದೆ ಹೆಚ್ಚಿಸುವಂತಿಲ್ಲವಾದ ಕಾರಣ, 8 ಜಿ.ಬಿ.ಯದನ್ನು ಕೊಂಡು ಆಮೇಲೆ ನೋಡಿಕೊಳ್ಳೋಣ ಎಂಬ ಲೆಕ್ಕ ಇಲ್ಲಿ ನಡೆಯದು.

ಬೀಗದ ವಿಷಯವನ್ನು ಮರೆಯಬಾರದು. ಹಿಂದಿನ ಒಡೆಯನು ತನ್ನ ಆಪಲ್ ಖಾತೆಯಿಂದ ಹೊರಬಂದು ಯಂತ್ರವನ್ನು ಬಿಡಿಸಿಕೊಡದಿದ್ದರೆ ಅದು ನಿಮ್ಮ ಮನೆಯಲ್ಲಿದ್ದರೂ ನಿಮ್ಮದಲ್ಲ. ಕಂಪನಿಗಳ ಯಂತ್ರಗಳಲ್ಲಿ ದೂರದಿಂದಲೇ ಹಿಡಿತವಿಡುವ ಏರ್ಪಾಡು ಉಳಿದಿರುವುದುಂಟು. ಥಿಂಕ್‌ಪ್ಯಾಡಿನಲ್ಲಿ ಬಯೋಸ್ ಪಾಸ್‌ವರ್ಡ್ ಉಳಿದಿರುವುದುಂಟು. ಯಂತ್ರವನ್ನು ಅಂಗಡಿಯಲ್ಲಿಯೇ ಪೂರ್ತಿ ಅಳಿಸಿ, ಹೊಸದಾಗಿ ಆರಂಭಿಸಿ ತೋರಿಸುವಂತೆ ಕೇಳಬೇಕು. ಕ್ರಮಸಂಖ್ಯೆ ಬರೆದ ರಸೀದಿಯನ್ನು ಪಡೆಯಬೇಕು. ಇದಕ್ಕೆ ಗೊಣಗುವ ಅಂಗಡಿಯನ್ನು ಬಿಟ್ಟು ಪಕ್ಕದ್ದಕ್ಕೆ ಹೋಗುವುದರಲ್ಲಿ ಸಂಕೋಚ ಬೇಡ.

ಇನ್ನು ತಿದಿಯನ್ನು ಒತ್ತಿ ನೋಡುವ ಬಗೆ. ಹುಡುಗಿ ತನ್ನ ಕೀಬೋರ್ಡ್, ಆಡಿಯೋ ಇಂಟರ್‌ಫೇಸ್, ಹೆಡ್‌ಫೋನ್ ಮೂರನ್ನೂ ಹೊತ್ತುಕೊಂಡೇ ಹೋಗಲಿ. ಅರವತ್ತು ದಿನ ಉಚಿತವಾಗಿ ಪರೀಕ್ಷಿಸಬಹುದಾದ ರೀಪರ್ ಎಂಬ ತಂತ್ರಾಂಶವನ್ನು ಹಾಕಿ, ಅವಳು ನಿಜವಾಗಿ ನುಡಿಸುವ ಹಾಡುಗಳಲ್ಲಿ ಎಲ್ಲಕ್ಕಿಂತ ಭಾರವಾದುದನ್ನು ತೆರೆಯಲಿ. ಇಂಟರ್‌ಫೇಸಿನ ತಯಾರಕರೇ ಕೊಟ್ಟ ಎ.ಎಸ್.ಐ.ಒ. ಚಾಲಕವನ್ನು ಹಾಕಿಕೊಂಡು, ಕಂತನ್ನು 128ಕ್ಕೆ ಇಳಿಸಿ, ಅರ್ಧ ಗಂಟೆ ನುಡಿಸಲಿ. ಐದು ನಿಮಿಷ ಸಾಲದು. ಮೊದಲ ಐದು ನಿಮಿಷ ಯಾವ ಯಂತ್ರವಾದರೂ ಸಭ್ಯವಾಗಿಯೇ ಇರುತ್ತದೆ. ಕಾವೇರಿದ ಮೇಲೆ ಅದರ ಬಣ್ಣ ತಿಳಿಯುವುದು. ವಿಂಡೋಸ್ ಯಂತ್ರವಾದರೆ ಲೇಟೆನ್ಸಿಮಾನ್ ಎಂಬ ಚಿಕ್ಕ ತಂತ್ರಾಂಶವನ್ನೂ ಜೊತೆಗೆ ಓಡಿಸಿಡಬೇಕು. ವೈ-ಫೈ ಚಾಲಕವೋ ಚಿತ್ರದ ಚಾಲಕವೋ ಸರದಿ ತಪ್ಪಿಸಿ ಮುಂದೆ ನುಗ್ಗಿ ಧ್ವನಿಯ ಕಂತನ್ನು ತಡೆಯುತ್ತಿದ್ದರೆ ಇದು ಹೆಸರು ಹಿಡಿದು ಹೇಳುತ್ತದೆ. ವೈ-ಫೈ ಆರಿಸಿದೊಡನೆ ದೋಷ ಹೋದರೆ ಒಳ್ಳೆಯದೇ. ಏನು ಮಾಡಿದರೂ ಹೋಗದಿದ್ದರೆ, ಬೆಲೆ ಎಷ್ಟೇ ಕಡಮೆಯಿರಲಿ, ಆ ಯಂತ್ರ ಬೇಡ. ಮೆಮೊರಿ ಹೆಚ್ಚಿಸಿದರೂ ಈ ರೋಗ ವಾಸಿಯಾಗುವುದಿಲ್ಲ.

ನುಡಿಸುತ್ತಿರುವಾಗಲೇ ಮತ್ತೊಬ್ಬರು ಯು.ಎಸ್.ಬಿ. ತಂತಿಯನ್ನು ಮೆಲ್ಲಗೆ ಅಲುಗಿಸಿ ನೋಡಲಿ. ಕಚೇರಿಯಲ್ಲಿ ದಿನಕ್ಕೆ ಹತ್ತು ಸಲ ಚುಚ್ಚಿ ಕಿತ್ತ ತೂತು ಸಡಿಲವಾಗಿರುವುದುಂಟು. ಕತ್ತಲೆಯಲ್ಲಿ ಯಾರದೋ ಕಾಲು ತಂತಿಗೆ ತಗುಲಿದರೆ ಸಾಕು, ಕೀಬೋರ್ಡ್ ಮೂಕವಾಗುತ್ತದೆ. ಅನಂತರ ಚಾರ್ಜರನ್ನು ಹಾಕಿ ಒಮ್ಮೆ, ತೆಗೆದು ಒಮ್ಮೆ ಆಲಿಸಬೇಕು. ಹಾಕಿದಾಗ ಮಾತ್ರ ‘ಗುಂಯ್’ ಎಂಬ ಸದ್ದು ಬಂದರೆ ದೋಷ ಚಾರ್ಜರಿನಲ್ಲಿಯೋ ಭೂಸಂಪರ್ಕದಲ್ಲಿಯೋ ಇದೆ. ಅದನ್ನು ನಿಲ್ಲಿಸಲು ಮೂರು ಮುಳ್ಳಿನ ಪ್ಲಗ್ಗಿನ ಒಂದು ಮುಳ್ಳನ್ನು ಕತ್ತರಿಸುವ ‘ಬುದ್ಧಿವಂತರು’ ನಮ್ಮಲ್ಲಿದ್ದಾರೆ. ಅದು ಪ್ರಾಣಕ್ಕೆ ಅಪಾಯ. ಡಿ.ಐ. ಪೆಟ್ಟಿಗೆಯನ್ನು ಬಳಸಬೇಕು, ಇಲ್ಲವೆ ಆ ಎರಡು ಗಂಟೆ ಬ್ಯಾಟರಿಯ ಮೇಲೆ ನಡೆಸಬೇಕು. ಈ ಕಾರಣಕ್ಕಾಗಿಯೇ ಬ್ಯಾಟರಿಯ ವಯಸ್ಸನ್ನು ಕೇಳಬೇಕಾದುದು. ಈಚಿನ ಮ್ಯಾಕ್‌ಬುಕ್ಕುಗಳಲ್ಲಿ ಆಪಲ್ ಹೇಳುವ ಮಿತಿ 1,000 ಸುತ್ತುಗಳು. ಈವರೆಗೆ ಎಷ್ಟಾಗಿದೆಯೆಂಬುದನ್ನು ಯಂತ್ರವೇ ತೋರಿಸುತ್ತದೆ. ವಿಂಡೋಸಿನಲ್ಲಿಯೂ ಬ್ಯಾಟರಿಯ ವರದಿಯನ್ನು ತೆಗೆಯಬಹುದು.

ಅಂಗಡಿಯಾತ ಕೊನೆಗೆ ಒಂದು ಆಸೆ ತೋರಿಸುತ್ತಾನೆ: ಸಾವಿರಾರು ರೂಪಾಯಿಯ ಸಂಗೀತ ತಂತ್ರಾಂಶಗಳನ್ನೆಲ್ಲ ‘ಫ್ರೀಯಾಗಿ’ ತುಂಬಿಕೊಡುತ್ತೇನೆ ಎಂದು. ಬೇಡವೆನ್ನಬೇಕು. ಅದು ಕದ್ದ ಮಾಲು ಎಂಬ ಮಾತಂತೂ ಸರಿಯೇ. ಅದಲ್ಲದೆ, ಬೀಗ ಮುರಿದ ತಂತ್ರಾಂಶದ ಜೊತೆಗೆ ವೈರಸ್ ಬರಬಹುದು, ಎಂದು ಯಾವ ಗಳಿಗೆಯಲ್ಲಿ ನಿಲ್ಲುವುದೆಂದು ಹೇಳುವಂತಿಲ್ಲ. ಮ್ಯಾಕ್‌ನಲ್ಲಿ ಗ್ಯಾರೇಜ್‌ಬ್ಯಾಂಡ್ ಉಚಿತವಾಗಿಯೇ ದೊರೆಯುತ್ತದೆ. ರೀಪರ್‌ನ ರಿಯಾಯಿತಿ ಪರವಾನಗಿಯ ಬೆಲೆ 60 ಡಾಲರ್.

ಕೂಡಿಟ್ಟ ಹಣವನ್ನೆಲ್ಲ ಲ್ಯಾಪ್‌ಟಾಪಿಗೇ ಸುರಿಯಬಾರದೆಂದು ಆ ತಾಯಿಗೆ ನನ್ನ ವಿಶೇಷ ಸೂಚನೆ. ನಾಲ್ಕರಲ್ಲಿ ಒಂದು ಪಾಲನ್ನು ಎತ್ತಿಡಲಿ. ಇಂಟರ್‌ಫೇಸ್ ಇಲ್ಲದಿದ್ದರೆ ಮೊದಲು ಅದು. ಅದರಲ್ಲಿ ನಾಲ್ಕು ಹೊರದಾರಿಗಳಿದ್ದರೆ ಸಭೆಗೆ ವಾದ್ಯದ ನಾದವನ್ನೂ, ಡ್ರಮ್ ಬಾರಿಸುವವನ ಕಿವಿಗೆ ಮಾತ್ರ ತಾಳದ ಕ್ಲಿಕ್ಕನ್ನೂ ಬೇರೆಬೇರೆಯಾಗಿ ಕಳುಹಿಸಬಹುದು. ಒಂದು ಹೊಸ ಬ್ಯಾಟರಿ, ಒಂದು ಹೆಚ್ಚಿನ ತಂತಿ, ಲ್ಯಾಪ್‌ಟಾಪನ್ನು ಎತ್ತರದಲ್ಲಿಟ್ಟು ಕೆಳಗೆ ಗಾಳಿಯಾಡಿಸುವ ಒಂದು ಸ್ಟ್ಯಾಂಡ್: ಇಷ್ಟಕ್ಕೆ ಆ ಪಾಲು ಸರಿಹೋಗುತ್ತದೆ.

ಕೊಂಡ ಮೇಲೆ, ಗಣೇಶೋತ್ಸವದ ಪೆಂಡಾಲಿರಲಿ, ರಾಜ್ಯೋತ್ಸವದ ವೇದಿಕೆಯಿರಲಿ, ಹಿಂದಿನ ವಾರದಿಂದ ಯಾವ ಹೊಸ ಆವೃತ್ತಿಯನ್ನೂ ಹಾಕಿಕೊಳ್ಳಬಾರದು. ಆ ದಿನ ವೈ-ಫೈ ಆರಿಸಿ, ಪರದೆ ಮಲಗುವ ಏರ್ಪಾಡನ್ನು ತೆಗೆದು, ವಿಂಡೋಸ್ ಆದರೆ ಶಕ್ತಿಯ ಮಟ್ಟವನ್ನು ಗರಿಷ್ಠಕ್ಕೆ ಏರಿಸಿ, ಕಂತನ್ನು 256ಕ್ಕೆ ಇಡಲಿ. ಅಂಗಡಿಯಲ್ಲಿ 128ರಲ್ಲಿ ಗೆದ್ದ ಯಂತ್ರಕ್ಕೆ ವೇದಿಕೆಯ ಮೇಲೆ ಸ್ವಲ್ಪ ಸಡಿಲ ಕೊಟ್ಟಂತಾಯಿತು. ಒಂದು ಕಂತಿಗೆ ಆಗುವ 5.8 ಮಿಲಿಸೆಕೆಂಡಿನಲ್ಲಿ ನಾದವು ಗಾಳಿಯಲ್ಲಿ ಆರೂವರೆ ಅಡಿ ಸಾಗುತ್ತದೆ. ಒಳಗೆ ಹೊರಗೆ ಹೋಗುವ ಹಾದಿಯಲ್ಲಿ ಇನ್ನೂ ಸ್ವಲ್ಪ ಸೇರಿದರೂ, ಧ್ವನಿವರ್ಧಕದಿಂದ ಒಂದೆರಡು ಮಾರು ದೂರ ನಿಂತು ನುಡಿಸಿದಷ್ಟೇ ವ್ಯತ್ಯಾಸ. ಹಿನ್ನೆಲೆಯ ಹಾಡುಗಳ ಒಂದು ಪ್ರತಿ ತಂದೆಯವರ ಫೋನಿನಲ್ಲಿರಲಿ; ಫೋನಿಗೆ ಹೊಂದುವ ತಂತಿ ಮಿಕ್ಸರಿನ ಬಳಿಯೇ ಇರಲಿ.