ಕ್ಲಿಪ್ಪೋ, ಅಲೈನರ್ರೋ?

ಅಕ್ಕಾರ, ನಮ್ಮ ತಂಗಿ ಮಗಳಿಗೆ ಹಲ್ಲು ಒಂದರ ಮ್ಯಾಲೊಂದು ಬಂದಾವು. "ಕ್ಲಿಪ್ ಹಾಕಿಸಿದ್ರ ಕನ್ಯಾ ನೋಡಾಕ ಬಂದವ್ರು ಏನಂತಾರ? ಕಾಣದಂಥ ಅಲೈನರ್ ಹಾಕ್ಸೋಣು" ಅಂತ ತಂಗಿ ಹಟ ಹಿಡಿದಾಳ.

ನಾ ಒಪ್ಪಲಿಲ್ಲ. ಅಲೈನರ್ ದಿನಕ್ಕ 20-22 ತಾಸು ಬಾಯಾಗ ಇರಬೇಕು. ಉಣ್ಣುವಾಗ, ಚಾ ಕುಡಿಯುವಾಗ ತೆಗೀಬೇಕು, ಹಲ್ಲು ತಿಕ್ಕಿ ಮತ್ತ ಹಾಕ್ಕೋಬೇಕು. ನಮ್ಮ ಹುಡುಗಿ ಊಟದ ಡಬ್ಬಿನೇ ಮರೆತು ಕಾಲೇಜಿಗೆ ಹೋಗ್ತಾಳ!

ಕ್ಲಿಪ್ಪಿಗೆ ಮರೆವಿನ ಭಯ ಇಲ್ಲ. ಖರೇ, ಅದಕ್ಕೂ ತ್ರಾಸು ಅದ: ಖಡಕ್ ರೊಟ್ಟಿ ಸಾರಿನ್ಯಾಗ ನೆನಸಿ ತಿನ್ನಬೇಕು, ಶೇಂಗಾ ಉಂಡಿ ಬಿಡಬೇಕು, ಬಿಗಿ ಮಾಡಿಸಾಕ ಮುಂಡರಗಿಯಿಂದ ಧಾರವಾಡದ ಸತ್ತೂರಿನ ದಂತ ಕಾಲೇಜಿಗೆ ಬಸ್ ಹಿಡೀಬೇಕು. ಯಾವುದು ಹಾಕಿದ್ರೂ ಆಮ್ಯಾಲೆ ರಿಟೇನರ್ ತಪ್ಪಂಗಿಲ್ಲ.

ನೋಡಾಕ ಬರೋರನ್ನ ಬಿಡ್ರಿ, ಹಾಕ್ಕೊಳ್ಳೋ ಹುಡುಗಿನ್ನ ಕೇಳ್ರಿ.