ವಾಹನ ಒಂದೇ, ವಂಶ ಬೇರೆ

ನವಿಲನ್ನು ಕಂಡೊಡನೆ ಷಣ್ಮುಖನೆಂದೂ ಇಲಿಯನ್ನು ಕಂಡೊಡನೆ ಗಣಪನೆಂದೂ ಗುರುತಿಸುವುದು ಭಕ್ತರ ರೂಢಿ. ಸಸ್ಯಗಳ ವೈರಸ್ಸುಗಳನ್ನು ವಿಂಗಡಿಸಿದ ವಿದ್ವಾಂಸರೂ ಬಹುಕಾಲ ಇದೇ ಜಾಡನ್ನು ಹಿಡಿದಿದ್ದರು.

ಗೋಧಿಯ ಎಲೆಗಳಲ್ಲಿ ಹಳದಿ ಗೆರೆಗಳನ್ನೆಬ್ಬಿಸುವ ವೈರಸ್ಸನ್ನು ಹರಡುವುದು ನುಸಿಯೆಂದು 1950ರ ದಶಕದಲ್ಲಿ ಕೆನಡಾದಲ್ಲಿ ತಿಳಿದುಬಂತು. ಈ ನುಸಿ ಜೇಡನ ಬಳಗದ್ದು. ಉದ್ದ ಸುಮಾರು ಕಾಲು ಮಿಲಿಮೀಟರು. ರೆಕ್ಕೆಯಿಲ್ಲದಿದ್ದರೂ ಗಾಳಿಯೇರಿ ಹೊಲದಿಂದ ಹೊಲಕ್ಕೆ ಸಾಗುತ್ತದೆ. ರೈ ಎಂಬ ಮೇವಿನ ಹುಲ್ಲಿನ ವೈರಸ್ಸಿಗೂ ನುಸಿಯೇ ವಾಹನವಾದ್ದರಿಂದ ಎರಡನ್ನೂ ‘ರೈಮೋವೈರಸ್’ ಕುಲಕ್ಕೆ ಸೇರಿಸಿದರು. 1998ರಲ್ಲಿ ಗೋಧಿಯ ವೈರಸ್ಸಿನ ಆರ್‌ಎನ್‌ಎ ಬರಹವನ್ನು ಓದಿದಾಗ ಅದು ಬಿಳಿನೊಣ ಹೊರುವ ಗೆಣಸಿನ ವೈರಸ್ಸಿಗೆ ಹತ್ತಿರದ್ದೆಂದು ತೋರಿತು! ಅದಕ್ಕೆ ‘ಟ್ರಿಟಿಮೋವೈರಸ್’ ಎಂಬ ಬೇರೆ ಮನೆಯಾಯಿತು.

ತೊಗರಿಯ ಗೊಡ್ಡುರೋಗದ ಕಥೆ ಇನ್ನೂ ದೀರ್ಘ. 1931ರಲ್ಲಿ ಬಿಹಾರದ ಪೂಸಾದಲ್ಲಿ ಅದನ್ನು ಗುರುತಿಸಿದರು. ಗಿಡ ಸಾಯದು, ಹಸಿರು ಪೊದೆಯಾಗಿ ಬೆಳೆದೂ ಹೂಬಿಡದು. ತೊಗರಿಯನ್ನೇ ನಂಬಿದ ಕಲಬುರಗಿಯ ರೈತನಿಗೆ ಇದಕ್ಕಿಂತ ಕ್ರೂರವಾದ ಪರಿಹಾಸ್ಯ ಬೇಕೆ? ಹೊರುವ ನುಸಿ ಸಿಕ್ಕಿಬಿದ್ದ ಮೇಲೂ ಸವಾರ ಕೈಗೆ ಸಿಕ್ಕಲಿಲ್ಲ. ರೋಗ ಗುರುತಾಗಿ ಸುಮಾರು 70 ವರ್ಷಗಳಾದ ಮೇಲೆ, ಹೈದರಾಬಾದಿನ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ಅದರ ಸುಳಿವು ದೊರೆಯಿತು. ಅದು ‘ಎಮರಾವೈರಸ್’ ಕುಲದ್ದು. ಗೋಧಿಯದರೊಡನೆ ಅದಕ್ಕೆ ವಾಹನದ ಹೊರತು ನಂಟಿಲ್ಲ. ಅದೂ ಒಂದಲ್ಲ, ಎರಡು: ಒಂದರ ಆರ್‌ಎನ್‌ಎ 5 ತುಂಡು, ಇನ್ನೊಂದರದು 6. ರೋಗಕ್ಕೆ ಮಣಿಯದ ತೊಗರಿ ತಳಿಯನ್ನು ಅರಸುವವರು ಈಗ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕಾಗಿದೆ.