ವಾರ್ಡಿಗೊಂದು ಸಾಕೇ? ಮೊದಲು ನಮ್ಮನ್ನು ಸರಿಯಾಗಿ ಎಣಿಸಿ



ನಿಮ್ಮ ಮನೆಯಲ್ಲಿ ಎಂಟನೇ ಕ್ಲಾಸು ಅಥವಾ ಅದಕ್ಕಿಂತ ಕೆಳಗೆ ಓದುವ ಮಗು ಇದ್ದರೆ, ಜನಗಣತಿಯ ಪುಸ್ತಕದಲ್ಲಿ ಆ ಮಗು ಇನ್ನೂ ಹುಟ್ಟಿಯೇ ಇಲ್ಲ. ಈ ದೇಶದಲ್ಲಿ ಕೊನೆಯ ಸಲ ತಲೆ ಎಣಿಸಿದ್ದು 2011ರ ಫೆಬ್ರವರಿಯಲ್ಲಿ. 2021ರ ಗಣತಿ ಕೊರೊನಾದಿಂದ ನಿಂತಿತು. ಕೊರೊನಾ ಹೋದ ಮೇಲೂ ವರ್ಷದಿಂದ ವರ್ಷಕ್ಕೆ ಮುಂದೆ ಹೋಯಿತು. ನಮ್ಮ ವಾರ್ಡಿಗೆ ಎಷ್ಟು ಅಂಗನವಾಡಿ ಬೇಕು, ಎಷ್ಟು ನರ್ಸ್ ಬೇಕು ಎಂದು ಇವತ್ತಿಗೂ ಯಾರಾದರೂ ಕೇಳಿದರೆ ಕಚೇರಿಯವರು ತೆಗೆಯುವುದು ಅದೇ ಹಳೆಯ ಕಡತವನ್ನು.

ಆ ಕಡತದ ಪ್ರಕಾರ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ವ್ಯಾಪ್ತಿಯ ಜನಸಂಖ್ಯೆ 84,43,675. ಬೆಂಗಳೂರು ನಗರ ಜಿಲ್ಲೆಯದು 96,21,551. 2001ರಲ್ಲಿ ಜಿಲ್ಲೆಯಲ್ಲಿದ್ದವರು 65,37,124 ಜನ. ಅಂದರೆ ಹತ್ತೇ ವರ್ಷದಲ್ಲಿ ಮೂವತ್ತು ಲಕ್ಷ ಜನ ಹೆಚ್ಚಾಗಿದ್ದರು. ಆಮೇಲೆ ಎಷ್ಟಾಯಿತು? ಒಂದೂಕಾಲು ಕೋಟಿ ದಾಟಿದೆ ಎಂದು ಸರ್ಕಾರದವರೇ ಅಂದಾಜಿನಲ್ಲಿ ಹೇಳುತ್ತಾರೆ. ಅಂದಾಜಿನ ಮೇಲೆ ಭಾಷಣ ಮಾಡಬಹುದು, ಅಂಗನವಾಡಿ ಮಂಜೂರು ಮಾಡಿಸಲು ಆಗುವುದಿಲ್ಲ.

ಈ ಮಧ್ಯೆ ವಾರ್ಡುಗಳನ್ನು ಮಾತ್ರ ಮತ್ತೆ ಮತ್ತೆ ವಿಂಗಡಿಸಿದರು. 198 ಇದ್ದದ್ದು 2022ರಲ್ಲಿ 243 ಆಯಿತು, 2023ರಲ್ಲಿ 225ಕ್ಕೆ ಇಳಿಯಿತು. ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು, 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳಾದ ಮೇಲೆ 369 ಆಯಿತು. ಪ್ರತಿ ಸಲವೂ ಕೊಯ್ದು ಹಂಚಿದ್ದು 2011ರ ಅದೇ ಜನಸಂಖ್ಯೆಯನ್ನು. ಹಳೆಯ ರೊಟ್ಟಿಯನ್ನು ಎಷ್ಟು ಚೂರು ಮಾಡಿದರೂ ಪಂಕ್ತಿಯಲ್ಲಿ ಹೊಸದಾಗಿ ಬಂದು ಕೂತವನಿಗೆ ಊಟ ಆಗುವುದಿಲ್ಲ.

ಅನ್ನದ ಮಾತೇ ತೆಗೆದುಕೊಳ್ಳಿ. 2013ರ ಆಹಾರ ಭದ್ರತಾ ಕಾಯ್ದೆ ಹಳ್ಳಿಯ ಜನರಲ್ಲಿ ನೂರಕ್ಕೆ 75, ಪಟ್ಟಣದವರಲ್ಲಿ ನೂರಕ್ಕೆ 50ರವರೆಗೆ ಎಂದು ದೇಶಕ್ಕೆ ಮಿತಿ ಹಾಕಿದೆ. ಆ ನೂರು ಯಾವ ನೂರು ಎಂದರೆ 2011ರದು. ಆಮೇಲೆ ಹುಟ್ಟಿದವರಿಗೆ, ಆಮೇಲೆ ಬಂದವರಿಗೆ ಕೇಂದ್ರದ ಕೋಟಾದಲ್ಲಿ ಜಾಗ ಹುಟ್ಟುವುದಿಲ್ಲ.

ಇನ್ನು ನಮ್ಮ ನಗರದ ಒಂದು ದೊಡ್ಡ ಚಟದ ವಿಷಯ. ಅದರ ಹೆಸರು "ವಾರ್ಡಿಗೊಂದು". 2017ರಲ್ಲಿ ಇಂದಿರಾ ಕ್ಯಾಂಟೀನ್ ಬಂತು, ವಾರ್ಡಿಗೊಂದು. ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಹಾಕಿದ್ದು ಒಳ್ಳೆಯ ಕೆಲಸವೇ, ಅದನ್ನು ಹಳಿಯುವವರು ನಾವಲ್ಲ. ಸರ್ಕಾರದ "ನಮ್ಮ ಕ್ಲಿನಿಕ್" ಬಂತು, ಅದೂ ವಾರ್ಡಿಗೊಂದು. ಕೇಳಲು ಸಮಪಾಲು ಎನಿಸುತ್ತದೆ. ಆದರೆ ಎಲ್ಲ ವಾರ್ಡೂ ಒಂದೇ ಅಲ್ಲವಲ್ಲ!

ಬಸವನಗುಡಿ, ಮಲ್ಲೇಶ್ವರ, ಜಯನಗರದ ಹಳೆಯ ರಸ್ತೆಗಳಲ್ಲಿ ನಡೆದು ನೋಡಿ. ಮಹಡಿಮನೆ, ಮುಂದೆ ಸಂಪಿಗೆ ಮರ, ಒಳಗೆ ಇಬ್ಬರೇ ವೃದ್ಧರು. ಮಕ್ಕಳು ಹೊರದೇಶದಲ್ಲೋ ವೈಟ್‌ಫೀಲ್ಡಿನಲ್ಲೋ ಇದ್ದಾರೆ. ಈ ಮನೆಗೆ ಅಂಗನವಾಡಿ ಬೇಡ. ಬೇಕಾದದ್ದು ಮನೆಗೇ ಬಂದು ಬಿಪಿ, ಶುಗರ್ ನೋಡುವ ನರ್ಸಮ್ಮ, ಎಡವಿ ಬೀಳದಂಥ ಫುಟ್‌ಪಾತು, ಯಜಮಾನರು ಹೋದ ಮೇಲೆ ಒಬ್ಬರೇ ಉಳಿಯುವ ಅಜ್ಜಿಯನ್ನು ವಾರಕ್ಕೊಮ್ಮೆಯಾದರೂ ವಿಚಾರಿಸುವ ಒಬ್ಬರು.

ಪೀಣ್ಯದ ಪಕ್ಕದ ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆಗೆ ಬನ್ನಿ. ಒಂದು ವಠಾರದಲ್ಲಿ ಹತ್ತು ಮನೆ, ಮನೆಗೊಂದು ಕೋಣೆ. ಗಂಡ ಲೇತ್ ಕೆಲಸಕ್ಕೆ, ಹೆಂಡತಿ ಗಾರ್ಮೆಂಟ್ಸಿಗೆ. ಇಲ್ಲಿ ಮಕ್ಕಳೇ ಮಕ್ಕಳು. ಅಂಗನವಾಡಿ ಸಂಜೆ ನಾಲ್ಕರ ಹೊತ್ತಿಗೆ ಬಾಗಿಲು ಹಾಕುತ್ತದೆ, ತಾಯಿ ಫ್ಯಾಕ್ಟರಿ ಬಿಟ್ಟು ಬಸ್ಸಿಳಿಯುವಾಗ ಆರೂವರೆ. ನಡುವಿನ ಎರಡೂವರೆ ಗಂಟೆ ನಾಲ್ಕು ವರ್ಷದ ಮಗುವನ್ನು ನೋಡಿಕೊಳ್ಳುವವಳು ಅದರ ಎಂಟು ವರ್ಷದ ಅಕ್ಕ. ಈ ವಾರ್ಡಿಗೆ ಬೇಕಾದದ್ದು ಏಳು ಗಂಟೆಯವರೆಗೆ ತೆರೆದಿರುವ ಶಿಶುಪಾಲನಾ ಕೇಂದ್ರ. ಕ್ಲಿನಿಕ್ಕು ಕೂಡ ಸಂಜೆ ನಡೆಯಬೇಕು, ಹಗಲು ಹೊತ್ತಿನಲ್ಲಿ ರಜೆ ಹಾಕಿದರೆ ಆ ದಿನದ ಕೂಲಿ ಹೋಗುತ್ತದೆ.

ಹೊರವರ್ತುಲ ರಸ್ತೆ ದಾಟಿ ತಣಿಸಂದ್ರ, ಮುನ್ನೇಕೊಳಾಲ, ವರ್ತೂರು ಕಡೆ ಹೋದರೆ ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಅಂಟಿಕೊಂಡೇ ನೀಲಿ ಟಾರ್ಪಾಲಿನ ಶೆಡ್ಡುಗಳು. ಯಾದಗಿರಿ, ಕಲಬುರಗಿ, ರಾಯಚೂರು ಕಡೆಯಿಂದ ಗುಳೆ ಬಂದ ಗಾರೆ ಕೆಲಸದವರು, ಸೆಂಟ್ರಿಂಗ್‌ನವರು. ಅವರ ಪಕ್ಕದಲ್ಲೇ ಬಂಗಾಳ, ಬಿಹಾರ, ಒಡಿಶಾದವರು. ಟ್ಯಾಂಕರ್ ನೀರು, ಒಂದು ಬಲ್ಬು, ಶೌಚಕ್ಕೆ ಖಾಲಿ ಸೈಟು. ಇವರು ಕೊಳೆಗೇರಿಯ ಲೆಕ್ಕಕ್ಕೂ ಸಿಗುವುದಿಲ್ಲ. 2011ರ ಗಣತಿಯಲ್ಲಿ, ಸರ್ಕಾರ ಘೋಷಿಸದ ಒಂದು ಜಾಗವನ್ನು ಕೊಳೆಗೇರಿ ಎಂದು ಗುರುತಿಸಬೇಕಾದರೆ ಒತ್ತೊತ್ತಾಗಿ ಕನಿಷ್ಠ 300 ಜನ ಅಥವಾ 60–70 ಸಂಸಾರ ಇರಬೇಕಿತ್ತು. ನಲವತ್ತು ಶೆಡ್ಡಿನ ಗುಂಪು ಕೊಳೆಗೇರಿಯೂ ಅಲ್ಲ, ಬಡಾವಣೆಯೂ ಅಲ್ಲ. ಕಟ್ಟಡ ಮುಗಿದರೆ ಆರು ತಿಂಗಳಿಗೆ ಶೆಡ್ಡು ಇನ್ನೊಂದು ಸೈಟಿಗೆ ಹೋಗುತ್ತದೆ. ತಾಯಿ ಕಾರ್ಡು ಊರಿನ ಆಸ್ಪತ್ರೆಯದು, ರೇಷನ್ ಕಾರ್ಡು ಊರಿನದು, ಹೆರಿಗೆ ಮಾತ್ರ ಇಲ್ಲಿ. ಹಳ್ಳಿಯಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆಂದು ಗ್ರಾಮ ಪಂಚಾಯ್ತಿಗಳು ಕೂಸಿನ ಮನೆ ತೆರೆದಿವೆ. ಅದೇ ತಾಯಿ ಬೆಂಗಳೂರಿಗೆ ಬಂದು ಇಟ್ಟಿಗೆ ಹೊತ್ತರೆ ಕೂಸು ಮರಳಿನ ಗುಡ್ಡೆಯ ಮೇಲೆ.

ಈ ಮೂರೂ ಜಾಗಕ್ಕೆ ಒಂದೊಂದು ಕ್ಲಿನಿಕ್, ಒಂದೊಂದು ಕ್ಯಾಂಟೀನ್ ಕೊಟ್ಟು ಸಮಾನತೆ ಎಂದರೆ ಅದು ಯೋಜನೆಯಲ್ಲ, ಪ್ರಸಾದ ಹಂಚಿಕೆ.

ಸರ್ಕಾರಕ್ಕೆ ಮಾನದಂಡಗಳೇ ಇಲ್ಲ ಎಂದಲ್ಲ. 400ರಿಂದ 800 ಜನಕ್ಕೆ ಒಂದು ಅಂಗನವಾಡಿ ಎಂಬುದು ಅವರದೇ ನಿಯಮ. 50,000 ಜನಕ್ಕೆ ಒಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರ, 10,000 ಜನಕ್ಕೆ ಒಬ್ಬ ಎಎನ್‌ಎಂ ನರ್ಸ್, 200ರಿಂದ 500 ಮನೆಗೆ ಒಬ್ಬ ಆಶಾ ಕಾರ್ಯಕರ್ತೆ ಎಂದು 2013ರ ನಗರ ಆರೋಗ್ಯ ಅಭಿಯಾನ ಹೇಳುತ್ತದೆ. ಹಳೆಯ 84 ಲಕ್ಷವನ್ನೇ 369ಕ್ಕೆ ಹಂಚಿದರೂ ಒಂದು ವಾರ್ಡಿಗೆ ಸರಾಸರಿ ಇಪ್ಪತ್ತೆರಡು ಸಾವಿರ ಮೀರಿದ ಜನ. ಅಂಥ ವಾರ್ಡಿಗೆ ನಿಯಮದಂತೆ ಕನಿಷ್ಠ ಇಪ್ಪತ್ತೆಂಟು ಅಂಗನವಾಡಿ ಇರಬೇಕು. ನಿಮ್ಮಲ್ಲಿ ಎಷ್ಟಿವೆ? ಬೆರಳು ಮಡಚಿ ಎಣಿಸಿ. ಸದಾಶಿವನಗರಕ್ಕೆ ಅಷ್ಟು ಬೇಡ, ನಿಜ. ಬೇಡದ ಕಡೆಯದನ್ನು ಲಗ್ಗೆರೆಗೆ ಕೊಡಿ ಎಂದು ಕೇಳಲು ಎಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬ ಹೊಸ ಲೆಕ್ಕ ಕೈಯಲ್ಲಿ ಇರಬೇಕು. ನಮ್ಮ ಜಗಳವೆಲ್ಲ ಆ ಲೆಕ್ಕಕ್ಕಾಗಿ.

ಬರೀ ತಲೆಲೆಕ್ಕವೂ ಸಾಲದು. 2011ರ ಗಣತಿಯಿಂದ ವಾರ್ಡ್ ಮಟ್ಟಕ್ಕೆ ಪ್ರಕಟವಾದ ಸಾರಪಟ್ಟಿಯಲ್ಲಿ ಗಂಡು, ಹೆಣ್ಣು, ಆರು ವರ್ಷದವರೆಗಿನ ಮಕ್ಕಳು, ಪರಿಶಿಷ್ಟ ಜಾತಿ, ಪಂಗಡ, ಓದುಬರಹ ಬಲ್ಲವರು, ದುಡಿಯುವವರು, ಇಷ್ಟು ಸಿಗುತ್ತದೆ. ಅರವತ್ತು ದಾಟಿದವರ ಅಂಕಣ ಅದರಲ್ಲಿಲ್ಲ. ಅಂಗವಿಕಲರ ಅಂಕಣವಿಲ್ಲ. ಬೇರೆ ಊರಿಂದ ಬಂದವರ ಅಂಕಣವಿಲ್ಲ. ಮನೆಗೆ ಬಂದಾಗ ವಯಸ್ಸು ಕೇಳುತ್ತಾರೆ, ಊರು ಕೇಳುತ್ತಾರೆ, ಅಂಗವಿಕಲತೆಯನ್ನೂ ಕೇಳುತ್ತಾರೆ. ಕೇಳಿದ್ದನ್ನು ವಾರ್ಡಿಗೆ ತಿರುಗಿಸಿ ಕೊಡುವುದಿಲ್ಲ. ಅಂದಿನ ನಮೂನೆಯಲ್ಲಿದ್ದದ್ದು ಎಂಟು ಬಗೆಯ ಅಂಗವಿಕಲತೆ. 2016ರ ಕಾನೂನು ಇಪ್ಪತ್ತೊಂದನ್ನು ಪಟ್ಟಿ ಮಾಡಿದೆ. ಆಟಿಸಂ ಇರುವ ಮಗುವಿನ ತಾಯಿ ನಮ್ಮ ವಾರ್ಡಿನಲ್ಲಿ ನಮ್ಮಂಥವರು ಎಷ್ಟು ಮನೆ ಎಂದು ಕೇಳಿದರೆ ಉತ್ತರಿಸುವ ಕಾಗದ ಯಾವ ಕಚೇರಿಯಲ್ಲೂ ಇಲ್ಲ.

"ಆಧಾರ್ ಇದೆಯಲ್ಲ, ವೋಟರ್ ಲಿಸ್ಟ್ ಇದೆಯಲ್ಲ, ಮತ್ತೆ ಎಣಿಸುವುದೇಕೆ" ಎನ್ನುವವರಿದ್ದಾರೆ. ವೋಟರ್ ಲಿಸ್ಟಿನಲ್ಲಿ ಹದಿನೆಂಟರ ಒಳಗಿನವರು ಯಾರೂ ಇಲ್ಲ. ಆಧಾರ್ ವಿಳಾಸ ಎಷ್ಟೋ ಜನರದು ಇನ್ನೂ ಸುರಪುರ, ಸಿಂಧನೂರಿನಲ್ಲೇ ಇದೆ. ಕರೆಂಟ್ ಮೀಟರ್ ಹಿಡಿದು ಲೆಕ್ಕ ಹಾಕಿದರೆ ಹತ್ತು ಸಂಸಾರದ ವಠಾರ ಒಂದೇ ಮನೆ. ಆಶಾ ಒಂದು ಪುಸ್ತಕ ಹಿಡಿದು ಬರುತ್ತಾರೆ, ಅಂಗನವಾಡಿ ಟೀಚರ್ ಇನ್ನೊಂದು, ಶಾಲೆ ಬಿಟ್ಟ ಮಕ್ಕಳ ಸಮೀಕ್ಷೆಗೆ ಮೇಷ್ಟ್ರು ಮತ್ತೊಂದು. ಬಾಗಿಲು ಒಂದೇ, ಪುಸ್ತಕ ಮೂರು, ಮೂರೂ ಬೇರೆ ಬೇರೆ ಇಲಾಖೆಯ ಬೀರುವಿನಲ್ಲಿ. ಬಾಗಿಲು ತಟ್ಟಿ ತಟ್ಟಿ ಇವರ ಕೈ ಸವೆದಿದೆ. ಅವರು ಬರೆದದ್ದನ್ನು ಒಂದು ಕಡೆ ಇಟ್ಟು ಓದುವವರು ಬೇಕು.

ಇನ್ನೊಂದು ಆಕ್ಷೇಪ ಸ್ವಲ್ಪ ಕಹಿಯಾದದ್ದು. ಬಂದವರನ್ನೆಲ್ಲ ಎಣಿಸಿ ಸೌಲಭ್ಯ ಕೊಟ್ಟರೆ ಇನ್ನಷ್ಟು ಜನ ಬರುತ್ತಾರೆ ಎಂದು. ಅಂಗನವಾಡಿಯ ಉಪ್ಪಿಟ್ಟಿಗಾಗಿ ಯಾರೂ ಕಲಬುರಗಿಯಿಂದ ರಾತ್ರಿ ರೈಲು ಹತ್ತುವುದಿಲ್ಲ. ಬರುವುದು ಕೂಲಿಗೆ, ಕೂಲಿ ಕೊಟ್ಟು ಕರೆಸಿಕೊಂಡವರು ನಾವೇ. ಭಾಷೆಯ ಮಾತೂ ಅಷ್ಟೇ. 2011ರಲ್ಲೇ ಜಿಲ್ಲೆಯಲ್ಲಿ ಕನ್ನಡ ಮನೆಮಾತಿನವರು ಅರ್ಧಕ್ಕಿಂತ ಕಡಿಮೆ ಇದ್ದರು. ತಮಿಳು, ತೆಲುಗು, ಉರ್ದು ಆಡುವವರು ದೊಡ್ಡ ಸಂಖ್ಯೆಯಲ್ಲಿದ್ದರು. ಇದನ್ನು ಮುಚ್ಚಿಟ್ಟರೆ ಕನ್ನಡಕ್ಕೆ ಲಾಭವಿಲ್ಲ. ಯಾವ ಬಡಾವಣೆಯ ಮಕ್ಕಳಿಗೆ ಕನ್ನಡ ಹೊಸದು ಎಂದು ಗೊತ್ತಾದರೆ ತಾನೇ ಅಲ್ಲಿನ ಅಂಗನವಾಡಿಯಲ್ಲಿ ಕನ್ನಡ ಕಲಿಸುವ ಏರ್ಪಾಡು ಮಾಡಲು ಸಾಧ್ಯ.

ಬೆಂಗಳೂರಿನ ನಾವು ಎಣಿಕೆಗೆ ಸಿಗುವವರಲ್ಲ ಎಂಬ ಅಪಕೀರ್ತಿಯೂ ಇದೆ. 2025ರಲ್ಲಿ ಪರಿಶಿಷ್ಟ ಜಾತಿಗಳ ಸಮೀಕ್ಷೆ ನಡೆಯಿತು, ಆಮೇಲೆ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ನಡೆಯಿತು. ಎರಡರಲ್ಲೂ ಉಳಿದ ಜಿಲ್ಲೆಗಳು ಮುಂದೆ ಹೋದವು, ರಾಜಧಾನಿ ಹಿಂದೆ ಬಿತ್ತು. ಬೆಲ್ ಒತ್ತಿದರೆ ಬಾಗಿಲು ತೆಗೆಯದವರು, ಗೇಟಿನಲ್ಲೇ ತಡೆದ ಸೆಕ್ಯೂರಿಟಿ, "ನಮಗೇನು ಬೇಡ, ಹೋಗಿ" ಎಂದವರು. ನಿಮಗೆ ಬೇಡದಿರಬಹುದು. ನಿಮ್ಮ ಮನೆಗೆ ಪಾತ್ರೆ ತೊಳೆಯಲು ಬರುವವರ ಮಗುವಿಗೆ ಬೇಕು. ಎಂಬತ್ತು ದಾಟಿದ ಮೇಲೆ ನಿಮಗೂ ಬೇಕಾಗುತ್ತದೆ.

ಈಗ ಜನಗಣತಿ ಬಂದಿದೆ. ಮನೆಪಟ್ಟಿಗೆಂದು ದೇಶಕ್ಕೆ ಗೊತ್ತುಮಾಡಿದ್ದು 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿ. ಜನರನ್ನು ಎಣಿಸುವುದು 2027ರ ಫೆಬ್ರವರಿಯಲ್ಲಿ, ಮಾರ್ಚ್ 1ರ ನಡುರಾತ್ರಿಯ ಗಳಿಗೆಯನ್ನು ಲೆಕ್ಕಕ್ಕೆ ಹಿಡಿದು. ಕೆಲವು ಮಾತು ಚೆನ್ನಾಗಿ ತಿಳಿದಿರಲಿ. ಗಣತಿಗೆ ಯಾವ ದಾಖಲೆಯನ್ನೂ ತೋರಿಸಬೇಕಿಲ್ಲ. ನೀವು ಹೇಳಿದ್ದು 1948ರ ಗಣತಿ ಕಾಯ್ದೆಯಡಿ ಗುಟ್ಟು. ಅದನ್ನು ನಿಮ್ಮ ವಿರುದ್ಧ ಸಾಕ್ಷಿಯಾಗಿ ಬಳಸುವಂತಿಲ್ಲ, ತೆರಿಗೆಯವರಿಗೂ ಪೊಲೀಸರಿಗೂ ಕೊಡುವಂತಿಲ್ಲ. ಗಣತಿಯ ಕಣ್ಣಿಗೆ ಸಂಸಾರವೆಂದರೆ ಒಟ್ಟಿಗೆ ಬಾಳಿ ಒಂದೇ ಅಡುಗೆ ಉಣ್ಣುವವರು. ರೇಷನ್ ಕಾರ್ಡಿನಲ್ಲಿ ಯಾರ ಹೆಸರಿದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಗುಳೆ ಬಂದು ಆ ತಿಂಗಳು ಇಲ್ಲೇ ಇರುವವರನ್ನು ಇಲ್ಲೇ ಎಣಿಸಬೇಕು. "ನಮ್ಮ ಹೆಸರು ಊರಲ್ಲಿದೆ ಸಾರ್" ಎಂದು ಹೇಳಿ ಕಳಿಸಿಬಿಡಬೇಡಿ. ಪಿಜಿ ನಡೆಸುವವರೇ, ನಲವತ್ತು ಹುಡುಗರನ್ನು ಹತ್ತು ಎಂದು ಹೇಳಬೇಡಿ. ಹಾಗೆ ಹೇಳಿದರೆ ನಿಮ್ಮ ರಸ್ತೆಗೆ ಬರುವ ನೀರು, ಕಸದ ಗಾಡಿ ಎಲ್ಲವೂ ಹತ್ತು ಜನರ ಲೆಕ್ಕಕ್ಕೇ ಬರುತ್ತದೆ.

ಅಧಿಕಾರದಲ್ಲಿರುವವರನ್ನು ನಾವು ಕೇಳುವುದು ಹೆಚ್ಚೇನಲ್ಲ. 369 ವಾರ್ಡುಗಳ ಲೆಕ್ಕವನ್ನು ವಯಸ್ಸಿನ ಪ್ರಕಾರ, ಅರವತ್ತು ಮೀರಿದವರು, ಒಂಟಿಯಾಗಿರುವವರು, ಅಂಗವಿಕಲರು, ಹೊರಗಿನಿಂದ ಬಂದವರು ಎಂದು ಬಿಡಿಸಿ ಕನ್ನಡದಲ್ಲಿ ಪ್ರಕಟಿಸಿ, ವಾರ್ಡ್ ಕಚೇರಿಯ ಗೋಡೆಗೆ ಹಚ್ಚಿ. ಅದು ಬರುವವರೆಗೆ ಆಶಾ, ಅಂಗನವಾಡಿ, ಶಾಲೆ, ಮೂರರ ಪುಸ್ತಕವನ್ನೂ ಹೆಸರು ತೆಗೆದು ಒಟ್ಟುಗೂಡಿಸಿ, ವಾರ್ಡ್ ಸಮಿತಿಯ ಮುಂದಿಡಿ. ಪಾಲಿಕೆಯ ಹಿಂದಿನ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಇನ್ನು ಮುಂದೆ ವೋಟು ಕೇಳಲು ಬರುವವರು ತಮ್ಮ ವಾರ್ಡಿನಲ್ಲಿ ಆರು ವರ್ಷದೊಳಗಿನ ಮಕ್ಕಳು ಎಷ್ಟು, ಅಂಗನವಾಡಿ ಎಷ್ಟು ಎಂದು ಹೇಳಲಿ. ಹೇಳದವರಿಗೆ ಹಾರ ಬೇಡ. ಬಜೆಟ್ಟಿನಲ್ಲಿ ಮುಂದಿನ ಯಾವ ಸೌಲಭ್ಯವನ್ನೂ "ವಾರ್ಡಿಗೊಂದು" ಎಂದು ಘೋಷಿಸಬೇಡಿ. ಎಲ್ಲಿಗೆ ಎಷ್ಟು, ಏಕೆ ಎಂದು ಬರೆಯಿರಿ.

ಓದಿದ ಮೇಲೆ ಈ ಕರಪತ್ರವನ್ನು ನಿಮ್ಮ ಕಟ್ಟಡದ ವಾಚ್‌ಮನ್‌ಗೆ ಕೊಡಿ, ಅವರಿಗೆ ಕನ್ನಡ ಓದಲು ಬಾರದಿದ್ದರೆ ಓದಿ ಹೇಳಿ. ಬೇಸ್‌ಮೆಂಟಿನಲ್ಲಿ ಪಂಪ್ ರೂಮಿನ ಪಕ್ಕ ಅವರು, ಹೆಂಡತಿ, ಇಬ್ಬರು ಮಕ್ಕಳು ಇರುವ ಕೋಣೆಗೆ ಬೇರೆ ಬಾಗಿಲಿದೆ. ಗಣತಿಯ ನಿಯಮದಂತೆ ಅದೊಂದು ಪ್ರತ್ಯೇಕ ಮನೆ. ಗಣತಿದಾರರು ಲಿಫ್ಟ್ ಹತ್ತುವ ಮೊದಲು ಆ ಬಾಗಿಲನ್ನು ಅವರಿಗೆ ತೋರಿಸಿ.